ಮಾತು ತಪ್ಪದ ವಕ್ರರೇಖೆ

1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದ ಸೀ ಲಯನ್ ಪಾರ್ಕಿನಲ್ಲಿ ‘ಫ್ಲಿಪ್ ಫ್ಲ್ಯಾಪ್’ ಎಂಬ ರೋಲರ್ ಕೋಸ್ಟರ್ ಶುರುವಾಯಿತು. ಕೂತವರನ್ನು ತಲೆಕೆಳಗು ಮಾಡಿ ಒಂದು ಸುತ್ತು ಹಾಕಿಸುವುದೇ ಅದರ ಆಕರ್ಷಣೆ. ಆ ಸುತ್ತು ಸುಮಾರು 25 ಅಡಿ ವ್ಯಾಸದ ಶುದ್ಧ ವೃತ್ತ. ಕಣ್ಣಿಗೆ ವೃತ್ತದಷ್ಟು ಸಮಾಧಾನ ಕೊಡುವ ಆಕಾರ ಇನ್ನೊಂದಿಲ್ಲ. ಆದರೆ ಅದರಲ್ಲಿ ಕೂತವರಲ್ಲಿ ಹಲವರು ಕುತ್ತಿಗೆ ಹಿಡಿದುಕೊಂಡೇ ಇಳಿಯುತ್ತಿದ್ದರು. ಗಾಡಿ ವೃತ್ತದ ಬುಡಕ್ಕೆ ನುಗ್ಗಿದಾಗ ಮೈಮೇಲೆ ಬೀಳುತ್ತಿದ್ದ ಒತ್ತಡ ದೇಹದ ತೂಕದ ಹನ್ನೆರಡು ಪಟ್ಟಿನವರೆಗೂ ಏರುತ್ತಿತ್ತೆಂಬ ಅಂದಾಜಿದೆ. 1902ರ ಹೊತ್ತಿಗೆ ಅದು ಮುಚ್ಚಿಹೋಯಿತು.

ವೃತ್ತವನ್ನು ಇನ್ನಷ್ಟು ದೊಡ್ಡದು ಮಾಡಿದ್ದರೆ ಸರಿಹೋಗುತ್ತಿತ್ತೇ? ಇಲ್ಲ. ಪಿಯುಸಿ ಭೌತಶಾಸ್ತ್ರದ ಲೆಕ್ಕವೇ ಇದಕ್ಕೆ ಉತ್ತರ ಕೊಡುತ್ತದೆ. ತಲೆಕೆಳಗಾದ ಗಾಡಿ ಬೀಳದೆ ಹಳಿಗೆ ಅಂಟಿಕೊಂಡಿರಬೇಕಾದರೆ ವೃತ್ತದ ತುದಿಯಲ್ಲಿ ಅದಕ್ಕೆ ಒಂದು ಕನಿಷ್ಠ ವೇಗ ಬೇಕು. ಅಷ್ಟು ವೇಗ ತುದಿಯಲ್ಲಿ ಉಳಿಯಬೇಕಾದರೆ ಬುಡದಲ್ಲಿ ವೇಗದ ವರ್ಗ ಅದರ ಐದು ಪಟ್ಟು ಇರಬೇಕು. ಆಗ ಬುಡದಲ್ಲಿ ಕೂತವನಿಗೆ ತನ್ನ ತೂಕ ಆರು ಪಟ್ಟಾಗಿ ತೋರುತ್ತದೆ. ಈ ಲೆಕ್ಕ ಮಾಡುವಾಗ ತ್ರಿಜ್ಯ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. ವೃತ್ತ ಚಿಕ್ಕದಿರಲಿ, ದೊಡ್ಡದಿರಲಿ, ಆರು ಪಟ್ಟಿಗಿಂತ ಕಡಿಮೆಯಾಗುವ ಮಾತೇ ಇಲ್ಲ. ದೋಷವಿದ್ದದ್ದು ಗಾತ್ರದಲ್ಲಲ್ಲ, ಆಕಾರದಲ್ಲಿ.

ಈ ಪ್ರಸಂಗದಿಂದ ನಾನು ಕಟ್ಟಬಯಸುವ ವಾದ ಇದು. ಶಾಲೆಯಲ್ಲಿ ಬಹುಪದೋಕ್ತಿಗಳನ್ನು ನಾವು ಅಪವರ್ತಿಸುವ, ಶೂನ್ಯತೆ ಹುಡುಕುವ ಅಕ್ಷರಗಳ ಆಟವಾಗಿ ಕಲಿಸುತ್ತೇವೆ. ಮೂರನೇ ಘಾತ, ಐದನೇ ಘಾತ ಎಂದಾಗ ವಿದ್ಯಾರ್ಥಿಯ ಮನಸ್ಸಿಗೆ ಬರುವುದು ಹೆಚ್ಚುತ್ತಾ ಹೋಗುವ ಕಷ್ಟ ಮಾತ್ರ. ನಿಜದಲ್ಲಿ ಬಹುಪದೋಕ್ತಿಯ ಘಾತ ಎನ್ನುವುದು ಒಂದು ವಕ್ರರೇಖೆ ಎಷ್ಟು ಮಾತು ಕೊಟ್ಟು ಉಳಿಸಿಕೊಳ್ಳಬಲ್ಲದು ಎಂಬುದರ ಲೆಕ್ಕ. ರೋಲರ್ ಕೋಸ್ಟರ್ ಇದನ್ನು ಬೇರೆಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ, ಏಕೆಂದರೆ ಅಲ್ಲಿ ರೇಖೆ ಮಾತು ತಪ್ಪಿದರೆ ಮೊದಲು ತಿಳಿಯುವುದು ನಮ್ಮ ಬೆನ್ನುಮೂಳೆಗೆ.

ಮೈಗೆ ತಿಳಿಯುವುದು ಏನು ಎಂಬುದನ್ನು ಮೊದಲು ಸ್ಪಷ್ಟಮಾಡಿಕೊಳ್ಳಬೇಕು. ಎತ್ತರ ಕಣ್ಣಿಗೆ ತಿಳಿಯುತ್ತದೆ. ಕಣ್ಣು ಮುಚ್ಚಿದರೆ ಮೂವತ್ತು ಮೀಟರೂ ಒಂದೇ, ಮೂರು ಮೀಟರೂ ಒಂದೇ. ಒಂದೇ ಸಮನಾದ ವೇಗವೂ ಮೈಗೆ ತಿಳಿಯುವುದಿಲ್ಲ. ಮೈ ಗುರುತಿಸುವುದು ಹಳಿಯ ಇಳಿಜಾರು ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನು. ಇದನ್ನೇ ಗಣಿತ ವಕ್ರತೆ ಎನ್ನುತ್ತದೆ. ವಕ್ರತೆಯನ್ನು ವೇಗದ ವರ್ಗದಿಂದ ಗುಣಿಸಿದರೆ ಮೈಮೇಲಿನ ಒತ್ತಡದ ಮುಖ್ಯ ಭಾಗ ಸಿಗುತ್ತದೆ. ಅಂದರೆ ಎತ್ತರದ ಮೊದಲ ನಿಷ್ಪನ್ನ ಇಳಿಜಾರಾದರೆ, ದೇಹ ಓದುವುದು ಎರಡನೆಯದನ್ನು. ಆ ಒತ್ತಡ ಏಕಾಏಕಿ ಏರಿಳಿದರೆ ಆಗುವ ಕುಲುಕು ಮೂರನೆಯದಕ್ಕೆ ಸೇರಿದ್ದು. ಕಲನಶಾಸ್ತ್ರ ಗೊತ್ತಿಲ್ಲದವನ ದೇಹಕ್ಕೂ ಕಲನಶಾಸ್ತ್ರ ಗೊತ್ತು.

ಈಗ ಒಂದು ಇಳಿಜಾರನ್ನು ನಾವೇ ಕಟ್ಟಿನೋಡೋಣ. ಮೂವತ್ತು ಮೀಟರ್ ಎತ್ತರದಿಂದ ಗಾಡಿ ಹೆಚ್ಚುಕಡಿಮೆ ನಿಂತ ಸ್ಥಿತಿಯಿಂದ ಹೊರಟು, ಅರವತ್ತು ಮೀಟರ್ ಅಡ್ಡದೂರದಲ್ಲಿ ನೆಲಕ್ಕೆ ಇಳಿದು, ಸಮತಟ್ಟಾದ ಹಳಿಯನ್ನು ಸೇರಬೇಕು. ಘರ್ಷಣೆಯನ್ನು ಸದ್ಯಕ್ಕೆ ಬದಿಗಿಟ್ಟರೆ, ಕೆಳಗೆ ಬರುವಾಗ ವೇಗ ಗಂಟೆಗೆ ಸುಮಾರು 87 ಕಿಲೋಮೀಟರ್. ಸರಳರೇಖೆಯ ಇಳಿಜಾರು ಹಾಕಿದರೆ ಮೇಲೊಂದು, ಕೆಳಗೊಂದು ಮೂಲೆ ಉಳಿಯುತ್ತದೆ. ಕೆಳಗಿನ ಮೂಲೆಯಲ್ಲಿ ಗಾಡಿ ನೆಲಕ್ಕೆ ಅಪ್ಪಳಿಸಿದಂತೆಯೇ. ಆದ್ದರಿಂದ ನಾಲ್ಕು ಷರತ್ತು ಹಾಕುತ್ತೇವೆ: ಮೇಲಿನ ತುದಿಯ ಎತ್ತರ ಇಷ್ಟು, ಅಲ್ಲಿ ಇಳಿಜಾರು ಸೊನ್ನೆ, ಕೆಳಗಿನ ತುದಿಯ ಎತ್ತರ ಇಷ್ಟು, ಅಲ್ಲಿಯೂ ಇಳಿಜಾರು ಸೊನ್ನೆ. ನಾಲ್ಕು ಷರತ್ತಿಗೆ ನಾಲ್ಕು ಸಹಗುಣಕಗಳು ಬೇಕು. ನಾಲ್ಕು ಸಹಗುಣಕಗಳಿರುವುದು ಮೂರನೇ ಘಾತದ ಬಹುಪದೋಕ್ತಿಗೆ. ಸಾಗಿದ ಅಡ್ಡದೂರ ಒಟ್ಟು ಅಡ್ಡದೂರದ ಎಷ್ಟನೇ ಭಾಗ ಎಂಬುದನ್ನು ‘ಕ’ ಎಂದು ಕರೆದರೆ, ಒಟ್ಟು ಎತ್ತರದಲ್ಲಿ ಇಳಿದ ಭಾಗ 3ಕ² − 2ಕ³. ಷರತ್ತುಗಳನ್ನು ಬರೆದುಕೊಂಡವರಿಗೆಲ್ಲ ಸಿಗುವುದು ಇದೊಂದೇ ಉತ್ತರ. ಊಹೆಗೆ ಎಡೆಯಿಲ್ಲ.

ಕಾಗದದ ಮೇಲೆ ಈ ರೇಖೆ ನಯವಾಗಿ ಕಾಣುತ್ತದೆ. ಆದರೆ ಇಳಿಜಾರಿನ ಕೊನೆಯಲ್ಲಿ ವಕ್ರತೆಯನ್ನು ಲೆಕ್ಕಹಾಕಿ ವೇಗದ ವರ್ಗದಿಂದ ಗುಣಿಸಿದರೆ ಬೇರೆಯೇ ಚಿತ್ರ ಸಿಗುತ್ತದೆ. ಕೂತವನ ಮೇಲಿನ ಒತ್ತಡ ಏರುತ್ತಾ ಏರುತ್ತಾ ಕೊನೆಯ ಬಿಂದುವಿನಲ್ಲಿ ಸರಿಯಾಗಿ ತೂಕದ ನಾಲ್ಕು ಪಟ್ಟಾಗುತ್ತದೆ. ಮರುಕ್ಷಣವೇ ಸಮತಟ್ಟಾದ ಹಳಿ ಶುರುವಾಗಿ ಒಂದು ಪಟ್ಟಿಗೆ ಬೀಳುತ್ತದೆ. ಎರಡೂವರೆ ಮೀಟರ್ ಉದ್ದದ ಗಾಡಿ ಆ ಬಿಂದುವನ್ನು ದಾಟಲು ತೆಗೆದುಕೊಳ್ಳುವುದು ಸೆಕೆಂಡಿನ ಹತ್ತನೇ ಒಂದು ಭಾಗ. ಎಪ್ಪತ್ತು ಕಿಲೋ ತೂಕದವನು 280 ಕಿಲೋ ಆಗಿ, ಅಷ್ಟರೊಳಗೆ ಮತ್ತೆ ಎಪ್ಪತ್ತಕ್ಕೆ ಇಳಿಯಬೇಕು. ರೇಖೆಯಲ್ಲಿ ಮೂಲೆಯಿಲ್ಲ, ನಿಜ. ಆದರೆ ವಕ್ರತೆಯಲ್ಲಿ ಮೂಲೆಯಿದೆ. ಕಣ್ಣಿಗೆ ಕಾಣದ ಆ ಮೂಲೆಯೇ ಕುತ್ತಿಗೆ ನೋವಿಗೆ ಕಾರಣ.

ಮೂರನೇ ಘಾತದ ಬಹುಪದೋಕ್ತಿ ಇಲ್ಲಿ ಸೋತಿತೆಂದು ಹೇಳಲಾಗದು. ನಾವು ಕೇಳಿದ್ದ ನಾಲ್ಕು ಮಾತನ್ನೂ ಅದು ಉಳಿಸಿಕೊಂಡಿದೆ. ವಕ್ರತೆಯ ಬಗ್ಗೆ ನಾವು ಕೇಳಿರಲೇ ಇಲ್ಲ. ಕೇಳಿದರೆ? ಎರಡೂ ತುದಿಗಳಲ್ಲಿ ವಕ್ರತೆಯೂ ಸೊನ್ನೆಯಾಗಲಿ ಎಂದರೆ ಷರತ್ತುಗಳು ಆರಾಗುತ್ತವೆ. ಆರು ಸಹಗುಣಕಗಳಿಗೆ ಐದನೇ ಘಾತ ಬೇಕು. ಉತ್ತರ ಮತ್ತೆ ಒಂದೇ: 10ಕ³ − 15ಕ⁴ + 6ಕ⁵. ಅದೇ ಎತ್ತರ, ಅದೇ ದೂರ, ಅದೇ ವೇಗ. ಆದರೆ ಈಗ ಗರಿಷ್ಠ ಒತ್ತಡ ಸುಮಾರು 3.4 ಪಟ್ಟು. ಅದೂ ಇಳಿಜಾರು ಮುಗಿಯುವ ಸ್ವಲ್ಪ ಮೊದಲೇ ಬಂದು, ಮುಗಿಯುವ ಹೊತ್ತಿಗೆ ಮೆಲ್ಲಗೆ ಒಂದು ಪಟ್ಟಿಗೆ ಇಳಿದಿರುತ್ತದೆ. ಧಡಕ್ಕೆಂಬ ಹೊಡೆತವಿಲ್ಲ. ಹಾಗೆಂದು ಇದು ಪುಕ್ಕಟೆ ಸಿಕ್ಕಿದ್ದಲ್ಲ. ತುದಿಗಳಲ್ಲಿ ನಯ ಬೇಕೆಂದು ಕೇಳಿದ್ದಕ್ಕೆ ನಡುವಿನಲ್ಲಿ ಬೆಲೆ ತೆತ್ತಿದ್ದೇವೆ: ಮೊದಲ ರೇಖೆಯ ಅತಿ ಕಡಿದಾದ ಜಾಗದಲ್ಲಿ ಕೋನ ಸುಮಾರು 37 ಡಿಗ್ರಿ ಇದ್ದರೆ, ಎರಡನೆಯದರಲ್ಲಿ 43 ಡಿಗ್ರಿ. ವಿನ್ಯಾಸ ಎಂದರೆ ಯಾವ ಮಾತನ್ನು ಎಲ್ಲಿ ಉಳಿಸಿಕೊಂಡು, ಅದರ ಬೆಲೆಯನ್ನು ಎಲ್ಲಿ ತೆರಬೇಕು ಎಂಬ ತೀರ್ಮಾನ.

ಮೋಜಿನ ಗಾಡಿಗೆ ಇಷ್ಟೆಲ್ಲ ಗಣಿತ ಬೇಕೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ನಾವು ದಿನವೂ ಕೂರುವ ರೈಲಿನಲ್ಲೇ ಇದೆ. ನೇರ ಹಳಿಯಿಂದ ತಿರುವಿಗೆ ಹೋಗುವ ರೈಲು ಒಮ್ಮೆಲೇ ವೃತ್ತಾಕಾರದ ಹಳಿಗೆ ಹೊರಳಿದರೆ ಫ್ಲಿಪ್ ಫ್ಲ್ಯಾಪ್‌ನ ಕಥೆಯೇ ಅಡ್ಡಡ್ಡಲಾಗಿ ನಡೆಯುತ್ತದೆ. ಅದನ್ನು ತಪ್ಪಿಸಲು ನೇರ ಹಳಿಗೂ ತಿರುವಿಗೂ ನಡುವೆ ಸಂಕ್ರಮಣ ವಕ್ರರೇಖೆಯೊಂದನ್ನು ಹಾಕುತ್ತಾರೆ. ಭಾರತೀಯ ರೈಲ್ವೆ ಇದಕ್ಕೆ ಸಾಮಾನ್ಯವಾಗಿ ಬಳಸುವುದು ಘನ ಪರವಲಯವನ್ನು, ಅಂದರೆ ಒಂದೇ ಪದವಿರುವ ಮೂರನೇ ಘಾತದ ಬಹುಪದೋಕ್ತಿಯನ್ನು. ಅದರ ವಕ್ರತೆ ಸೊನ್ನೆಯಿಂದ ಶುರುವಾಗಿ ದೂರಕ್ಕೆ ತಕ್ಕಂತೆ ಹೆಚ್ಚುಕಡಿಮೆ ಸಮನಾಗಿ ಬೆಳೆಯುತ್ತದೆ. ತಿರುವಿನಲ್ಲಿ ಕೈಯಲ್ಲಿದ್ದ ಚಹಾ ಚೆಲ್ಲದೆ ಉಳಿಯುವುದರಲ್ಲಿ ಈ ಬಹುಪದೋಕ್ತಿಯ ಪಾಲೂ ಇದೆ.

ಇನ್ನೂ ಎರಡು ಸಾಕ್ಷಿಗಳಿವೆ. ನಾವು ಮೇಜಿನ ಮೇಲಿನ ಲೋಟಕ್ಕೆ ಕೈ ಚಾಚುವಾಗ ಕೈ ಹೇಗೆ ವೇಗ ಪಡೆದು ಹೇಗೆ ನಿಲ್ಲುತ್ತದೆ ಎಂಬುದನ್ನು 1985ರಲ್ಲಿ ತಮಾರ್ ಫ್ಲ್ಯಾಶ್ ಮತ್ತು ನೆವಿಲ್ ಹೋಗನ್ ಎಂಬ ಸಂಶೋಧಕರು ವಿವರಿಸಿದರು. ಕುಲುಕು ಅತಿ ಕಡಿಮೆಯಾಗುವಂಥ ಚಲನೆ ಯಾವುದೆಂದು ಲೆಕ್ಕಹಾಕಿದಾಗ ಅವರ ಮಾದರಿಯಲ್ಲಿ ಹೊರಟದ್ದು ಅದೇ 10, −15, 6ರ ಐದನೇ ಘಾತದ ಬಹುಪದೋಕ್ತಿ. ಇನ್ನೊಂದು, ಸಿನಿಮಾದ ಕಂಪ್ಯೂಟರ್ ಚಿತ್ರಗಳಲ್ಲಿ ಮೋಡ, ಬೆಂಕಿ, ಅಮೃತಶಿಲೆಯಂಥ ಮೇಲ್ಮೈಗಳನ್ನು ಹುಟ್ಟಿಸಲು ಕೆನ್ ಪರ್ಲಿನ್ ರೂಪಿಸಿದ ವಿಧಾನ. ಅದರಲ್ಲಿ ಮೊದಲು ಇದ್ದದ್ದು 3ಕ² − 2ಕ³. ವಕ್ರತೆ ಮುರಿಯುವ ಕಡೆ ಚಿತ್ರದಲ್ಲಿ ಗೆರೆಗಳು ಕಾಣಿಸಿಕೊಳ್ಳುತ್ತಿದ್ದವು. 2002ರಲ್ಲಿ ಅವರು ಅದನ್ನು ತೆಗೆದು ಐದನೇ ಘಾತದ ಬಹುಪದೋಕ್ತಿಯನ್ನು ಹಾಕಿದರು. ಹಳಿ, ಕೈ, ಚಿತ್ರ ಮೂರೂ ಬೇರೆ ಬೇರೆ ಲೋಕಗಳು. ಕೇಳಿದ ಷರತ್ತುಗಳು ಒಂದೇ ಆದ್ದರಿಂದ ಬಂದ ಉತ್ತರವೂ ಒಂದೇ.

ಷರತ್ತನ್ನು ಮೊದಲೇ ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ದಿಬ್ಬದ ಉದಾಹರಣೆ ಸಾಕು. ಗಾಡಿ ದಿಬ್ಬದ ನೆತ್ತಿಯನ್ನು ದಾಟುವಾಗ ಮೈ ಹಗುರಾಗುವ ಅನುಭವವನ್ನು ಕೊಡುವುದು ಎರಡನೇ ಘಾತದ ಬಹುಪದೋಕ್ತಿ, ಅಂದರೆ ಪರವಲಯ. ಎಸೆದ ಕಲ್ಲು ಪರವಲಯದಲ್ಲಿ ಸಾಗುತ್ತದೆಂದು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿದ. ಹಳಿಯೂ ಅದೇ ಪರವಲಯದಲ್ಲಿ ಬಾಗಿದರೆ ಗಾಡಿ ಹಳಿಯನ್ನು ಒತ್ತುವುದಿಲ್ಲ, ಆಸನ ನಮ್ಮನ್ನು ಒತ್ತುವುದಿಲ್ಲ. ಆದರೆ ಆ ಪರವಲಯದ ಸಹಗುಣಕ ವೇಗವನ್ನು ಅವಲಂಬಿಸಿದೆ. ನೆತ್ತಿಯಲ್ಲಿ ಸೆಕೆಂಡಿಗೆ 10 ಮೀಟರ್ ವೇಗವಿದ್ದರೆ, ಹತ್ತು ಮೀಟರ್ ಮುಂದೆ ಹೋಗುವಷ್ಟರಲ್ಲಿ ಹಳಿ 4.9 ಮೀಟರ್ ಇಳಿಯಬಹುದು. ವೇಗ 20 ಮೀಟರ್ ಆದರೆ ಅದೇ ದೂರದಲ್ಲಿ 1.2 ಮೀಟರಿಗಿಂತ ಸ್ವಲ್ಪ ಹೆಚ್ಚು ಇಳಿಯಬಹುದು, ಅಷ್ಟೇ. ಹಳಿ ಅದಕ್ಕಿಂತ ಬೇಗ ಇಳಿದರೆ ಗಾಡಿ ಅದನ್ನು ಬಿಟ್ಟು ಹಾರುತ್ತದೆ. ಇದನ್ನು ತಡೆಯಲು ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿ ಹಳಿಯ ಅಡಿಯಿಂದಲೂ ಕಚ್ಚಿಕೊಳ್ಳುವ ಚಕ್ರಗಳಿಗೆ ಪೇಟೆಂಟ್ ಪಡೆದರು. ಇಂದಿನ ಬಹುತೇಕ ರೋಲರ್ ಕೋಸ್ಟರ್‌ಗಳು ಆ ಚಕ್ರಗಳ ಋಣದಲ್ಲಿವೆ.

ಅಂಥ ಚಕ್ರವಿಲ್ಲದ ಕಡೆ ಪರವಲಯವೇ ಕೊನೆಯ ಗಡಿ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 2014ರಲ್ಲಿ ‘ವೆರ್ರುಕ್ಟ್’ ಎಂಬ ನೀರಿನ ಜಾರುಬಂಡೆ ಶುರುವಾಯಿತು. ಅದರ ಎತ್ತರ ಸುಮಾರು 51 ಮೀಟರ್. ಜಗತ್ತಿನ ಅತಿ ಎತ್ತರದ ನೀರಿನ ಜಾರುಬಂಡೆ ಎಂಬ ದಾಖಲೆ ಆಗ ಅದರದ್ದಾಗಿತ್ತು. ಮೂವರು ಕೂರುವ ರಬ್ಬರ್ ತೆಪ್ಪ ಮೊದಲು ಕಡಿದಾಗಿ ಇಳಿದು, ನಂತರ ಒಂದು ದಿಬ್ಬವನ್ನು ಹತ್ತಿ ಇಳಿಯಬೇಕಿತ್ತು. ಪರೀಕ್ಷೆಯ ಹಂತದಲ್ಲಿ ಮರಳು ಚೀಲ ಹೊತ್ತ ತೆಪ್ಪಗಳು ಆ ದಿಬ್ಬದಲ್ಲಿ ಹಾರಿದ್ದವು. ದಿಬ್ಬವನ್ನು ಬದಲಿಸಲಾಯಿತು, ಮೇಲೆ ಲೋಹದ ಕಮಾನುಗಳಿಗೆ ಬಲೆ ಕಟ್ಟಲಾಯಿತು. 2016ರ ಆಗಸ್ಟ್‌ನಲ್ಲಿ ಒಂದು ತೆಪ್ಪ ಮತ್ತೆ ಗಾಳಿಗೆ ಹಾರಿತು. ಹತ್ತು ವರ್ಷದ ಹುಡುಗನೊಬ್ಬ ಆ ಕಮಾನಿಗೆ ಬಡಿದು ಪ್ರಾಣ ಕಳೆದುಕೊಂಡ. ನಂತರ ಜಾರುಬಂಡೆಯನ್ನೇ ಕೆಡವಿದರು. ಎಲ್ಲ ಅಪಘಾತಗಳಿಗೂ ಹಲವು ಕಾರಣಗಳಿರುತ್ತವೆ. ಆದರೆ ದಿಬ್ಬದಲ್ಲಿ ತೆಪ್ಪ ಏಕೆ ಹಾರುತ್ತದೆ ಎಂಬ ಪ್ರಶ್ನೆಯ ಉತ್ತರ ಹೈಸ್ಕೂಲು ದಾಟಿದ ಯಾರಿಗೂ ನಿಲುಕುವಂಥದ್ದು. ದಿಬ್ಬದ ವಕ್ರತೆ, ಬರುವ ತೆಪ್ಪಗಳಲ್ಲೆಲ್ಲ ಅತಿ ವೇಗದ ತೆಪ್ಪದ ಪರವಲಯಕ್ಕಿಂತ ಕಡಿಮೆಯಿರಲೇಬೇಕು. ಈ ಷರತ್ತನ್ನು ಕಟ್ಟುವ ಮೊದಲು ಬರೆಯಬೇಕು. ಕಟ್ಟಿದ ಮೇಲೆ ಚೀಲ ಹಾರಿಸಿ ತಿಳಿಯುವ ವಿಷಯವಲ್ಲ ಇದು.

ಬಹುಪದೋಕ್ತಿಯ ಪರವಾಗಿ ವಾದಿಸುವವನು ಅದರ ಮಿತಿಯನ್ನೂ ಹೇಳಬೇಕು. ಅನೇಕ ಕಡೆ ವಿದ್ಯಾರ್ಥಿಗಳಿಗೆ ಕೊಡುವ ರೋಲರ್ ಕೋಸ್ಟರ್ ಯೋಜನೆಯಲ್ಲಿ ಹತ್ತು ಹನ್ನೊಂದು ಬಿಂದುಗಳನ್ನು ಗುರುತಿಸಿ, ಎಲ್ಲದರ ಮೂಲಕ ಹಾಯುವ ಒಂದೇ ಬಹುಪದೋಕ್ತಿಯನ್ನು ಕಂಪ್ಯೂಟರಿನಿಂದ ಪಡೆಯುತ್ತಾರೆ. ಇದು ಅಪಾಯದ ದಾರಿ. ಸಮಾನ ಅಂತರದ ಬಿಂದುಗಳ ಮೂಲಕ ಹೆಚ್ಚು ಹೆಚ್ಚು ಘಾತದ ಬಹುಪದೋಕ್ತಿಗಳನ್ನು ಹಾಯಿಸಿದರೆ ಕೆಲವು ಸರಳ ವಕ್ರರೇಖೆಗಳ ವಿಷಯದಲ್ಲೂ ತುದಿಗಳ ಬಳಿ ಹುಚ್ಚು ಏರಿಳಿತ ಶುರುವಾಗುತ್ತದೆಂದು ಜರ್ಮನಿಯ ಗಣಿತಜ್ಞ ಕಾರ್ಲ್ ರುಂಗೆ 1901ರಲ್ಲೇ ತೋರಿಸಿದ್ದಾನೆ. ಬಿಂದುಗಳ ಮೇಲೆ ಹಾಯುತ್ತೇನೆಂದಷ್ಟೇ ಆ ರೇಖೆ ಮಾತು ಕೊಟ್ಟಿತ್ತು. ನಡುವಿನ ದಾರಿಯ ಬಗ್ಗೆ ಏನೂ ಹೇಳಿರಲಿಲ್ಲ. ಹಾಗಾಗಿ ಬಲ್ಲವರು ಒಂದೇ ಒಂದು ಉದ್ದನೆಯ ಬಹುಪದೋಕ್ತಿಯ ಬದಲು ಕಡಿಮೆ ಘಾತದ ತುಂಡುಗಳನ್ನು ತೆಗೆದುಕೊಂಡು, ಸೇರುವ ಕಡೆಯಲ್ಲೆಲ್ಲ ಎತ್ತರ, ಇಳಿಜಾರು, ವಕ್ರತೆ ಹೊಂದುವಂತೆ ಬೆಸೆಯುತ್ತಾರೆ. ಒಳ್ಳೆಯ ಹಳಿಯ ಗುಣ ತುಂಡುಗಳಲ್ಲಿ ಇರುವಷ್ಟೇ ಬೆಸುಗೆಯಲ್ಲೂ ಇದೆ.

ತಲೆಕೆಳಗಾಗುವ ಸುತ್ತಿನಲ್ಲಂತೂ ಶಾಲೆಯ ಬಹುಪದೋಕ್ತಿ ನೇರವಾಗಿ ಕೆಲಸಕ್ಕೇ ಬರುವುದಿಲ್ಲ. ಒಂದು ಅಡ್ಡದೂರಕ್ಕೆ ಅದು ಒಂದೇ ಎತ್ತರ ಕೊಡಬಲ್ಲದು. ಸುತ್ತಿನಲ್ಲಿ ಒಂದೇ ಜಾಗದ ನೆತ್ತಿಯ ಮೇಲೆ ಹಳಿ ಎರಡು ಸಲ ಹಾಯುತ್ತದೆ. ಫ್ಲಿಪ್ ಫ್ಲ್ಯಾಪ್‌ನ ನಂತರ 1901ರಲ್ಲಿ ಎಡ್ವಿನ್ ಪ್ರೆಸ್ಕಾಟ್ ಕೋನಿ ಐಲೆಂಡಿನಲ್ಲೇ ಅಂಡಾಕಾರದ ಸುತ್ತನ್ನು ಕಟ್ಟಿ ನೋವು ತಗ್ಗಿಸಿದ. ನಿಜವಾದ ಪರಿಹಾರ ಬಂದದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಉದ್ಯಾನದ ‘ರೆವಲ್ಯೂಷನ್’ ಗಾಡಿಯೊಂದಿಗೆ. ಅದನ್ನು ಕಟ್ಟಿದವನು ಆಂಟನ್ ಶ್ವಾರ್ಜ್‌ಕಾಫ್. ಲೆಕ್ಕ ಹಾಕಿದವನು ಜರ್ಮನ್ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್. ಸುತ್ತು ನೀರಹನಿಯ ಆಕಾರ ಪಡೆಯಿತು: ಬುಡದಲ್ಲಿ ತ್ರಿಜ್ಯ ದೊಡ್ಡದು, ತುದಿಯಲ್ಲಿ ಚಿಕ್ಕದು. ಉದಾಹರಣೆಗೆ ಸುತ್ತಿನ ಎತ್ತರ 20 ಮೀಟರ್, ತುದಿಯ ತ್ರಿಜ್ಯ 6 ಮೀಟರ್, ಬುಡದ ತ್ರಿಜ್ಯ 20 ಮೀಟರ್ ಇದ್ದರೆ ಬುಡದ ಒತ್ತಡ ಆರು ಪಟ್ಟಿನಿಂದ 3.3 ಪಟ್ಟಿಗೆ ಇಳಿಯುತ್ತದೆ.

ಆ ಆಕಾರದ ಹಿಂದಿರುವ ಕ್ಲೋಥಾಯ್ಡ್ ಎಂಬ ರೇಖೆಯನ್ನು ಆಯ್ಲರ್ 18ನೇ ಶತಮಾನದಲ್ಲೇ ಪರಿಶೀಲಿಸಿದ್ದ. ಅದರ ಬಿಂದುಗಳನ್ನು ಯಾವ ಬಹುಪದೋಕ್ತಿಯಿಂದಲೂ ಪೂರ್ತಿಯಾಗಿ ಬರೆಯಲಾಗದು. ಆದರೆ ಅದರ ವಕ್ರತೆಯನ್ನು ಬರೆಯಬಹುದು: ಹಳಿಯ ಉದ್ದಕ್ಕೆ ತಕ್ಕಂತೆ ಸಮನಾಗಿ ಬೆಳೆಯುವ ಒಂದನೇ ಘಾತದ ಬಹುಪದೋಕ್ತಿ, ಅಷ್ಟೇ. ರೇಖೆಯನ್ನು ಪಡೆಯಲು ಹೊರಟರೆ ಕೊನೆಯಿಲ್ಲದ ಶ್ರೇಣಿಯೊಂದು ಸಿಗುತ್ತದೆ. ಆ ಶ್ರೇಣಿಯ ಮೊದಲ ಪದವೇ ನಮ್ಮ ರೈಲ್ವೆಯ ಘನ ಪರವಲಯ. ಇಲ್ಲಿಯ ಕ್ರಮ ಹಳಿಯನ್ನು ಮೊದಲು ಎಳೆದು ಆಮೇಲೆ ಒತ್ತಡ ನೋಡುವುದಲ್ಲ. ಕೂತವರ ಮೈಗೆ ಯಾವ ಒತ್ತಡ ಒಪ್ಪುತ್ತದೆಂದು ಮೊದಲು ಬರೆದು, ಅದರಿಂದ ಹಳಿಯನ್ನು ಹೊರಡಿಸುವುದು. ಲೆಕ್ಕದ ದಿಕ್ಕನ್ನು ಹೀಗೆ ತಿರುಗಿಸಿದಾಗ ಗಣಿತ ಮನುಷ್ಯನಿಂದ ಶುರುವಾಗುತ್ತದೆ.

ಇದನ್ನೆಲ್ಲ ಈಗ ಸಾಫ್ಟ್‌ವೇರ್ ಮಾಡುತ್ತದಲ್ಲ, ಮಕ್ಕಳಿಗೆ ಏಕೆ ಎಂದು ಕೇಳುವವರಿದ್ದಾರೆ. ಸಾಫ್ಟ್‌ವೇರ್ ಸಮೀಕರಣ ಬಿಡಿಸಿಕೊಡುತ್ತದೆ, ನಿಜ. ಯಾವ ಷರತ್ತು ಹಾಕಬೇಕೆಂದು ಅದು ತಾನಾಗಿ ಹೇಳುವುದಿಲ್ಲ. ನಾಲ್ಕು ಷರತ್ತು ಕೊಟ್ಟರೆ ನಾಲ್ಕಕ್ಕೆ ತಕ್ಕ ರೇಖೆಯನ್ನು ನಿಷ್ಠೆಯಿಂದ ಕೊಡುತ್ತದೆ; ಐದನೆಯದನ್ನೂ ಆರನೆಯದನ್ನೂ ಕೇಳಬೇಕಿತ್ತೆಂಬುದು ಕೇಳುವವನಿಗೆ ಗೊತ್ತಿರಬೇಕು. ಘರ್ಷಣೆ, ಗಾಳಿಯ ತಡೆ, ತುಂಬಿದ ಗಾಡಿಗೂ ಖಾಲಿ ಗಾಡಿಗೂ ಇರುವ ವ್ಯತ್ಯಾಸ ಎಲ್ಲವೂ ಸೇರಿದಾಗ ಲೆಕ್ಕ ದೊಡ್ಡದಾಗುತ್ತದೆ. ಆ ದೊಡ್ಡ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವವನು ಚಿಕ್ಕ ಲೆಕ್ಕವನ್ನು ಕೈಯಲ್ಲಿ ಮಾಡಿದವನಾಗಿರಬೇಕು. ಇಲ್ಲದಿದ್ದರೆ ತೆರೆಯ ಮೇಲೆ ನಯವಾಗಿ ಕಂಡದ್ದನ್ನೆಲ್ಲ ನಂಬಿಬಿಡುತ್ತಾನೆ.

ನಮ್ಮ ಹತ್ತನೇ ತರಗತಿಯ ಗಣಿತದಲ್ಲಿ ಬಹುಪದೋಕ್ತಿಗಳ ಅಧ್ಯಾಯವಿದೆ. ದ್ವಿತೀಯ ಪಿಯುಸಿಯಲ್ಲಿ ನಿರಂತರತೆ ಮತ್ತು ನಿಷ್ಪನ್ನಗಳಿವೆ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ವೃತ್ತೀಯ ಚಲನೆಯೂ ಶಕ್ತಿಯ ಸಂರಕ್ಷಣೆಯೂ ಇವೆ. ಈ ಲೇಖನದ ಲೆಕ್ಕಗಳಿಗೆ ಬೇಕಾದದ್ದೆಲ್ಲ ಈಗಾಗಲೇ ನಮ್ಮ ಪಠ್ಯದಲ್ಲಿದೆ. ಮೂರೂ ಒಂದನ್ನೊಂದು ಭೇಟಿಯಾಗುವ ಪ್ರಶ್ನೆಗಳು ಮಾತ್ರ ವಿರಳ. ಬಿಡದಿ ಸಮೀಪದ ವಂಡರ್‌ಲಾ ಮನರಂಜನಾ ಪಾರ್ಕಿಗೆ ಶಾಲಾ ಪ್ರವಾಸ ಹೋಗುವ ಮಕ್ಕಳು ಅಲ್ಲಿ ಎರಡನೇ ನಿಷ್ಪನ್ನವನ್ನು ಮೈಯಾರೆ ಅನುಭವಿಸಿ ಬರುತ್ತಾರೆ. ಮರುದಿನ ತರಗತಿಯಲ್ಲಿ ಅದಕ್ಕೆ ಹೆಸರು ಕೊಡುವುದು ಶಿಕ್ಷಕರಿಗೆ ಕಷ್ಟವಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಭೌತವಿಜ್ಞಾನಿ ಆನ್-ಮರೀ ಪೆಂಡ್ರಿಲ್ ಅವರು ಲಿಸೆಬರ್ಗ್ ಉದ್ಯಾನವನ್ನೇ ಪ್ರಯೋಗಶಾಲೆಯಾಗಿ ಬಳಸಿ, ವೇಗೋತ್ಕರ್ಷ ಮಾಪಕಗಳೊಂದಿಗೆ ವಿದ್ಯಾರ್ಥಿಗಳಿಗೆ ಕಲಿಸಿದ್ದಾರೆ. ಆ ಮಾಪಕ ಈಗ ಬಹುತೇಕ ಸ್ಮಾರ್ಟ್‌ಫೋನುಗಳಲ್ಲೇ ಇದೆ. ಪಾರ್ಕಿಗೆ ಹೋಗಲಾಗದ ಊರಿನ ಮಕ್ಕಳು ಲಿಫ್ಟಿನಲ್ಲಿ, ಬಸ್ಸಿನಲ್ಲಿ, ರಸ್ತೆಯ ಹಂಪಿನ ಮೇಲೆ ಅದೇ ಪ್ರಯೋಗ ಮಾಡಬಹುದು.

ನಾನು ಕೇಳುವುದು ಪ್ರಶ್ನೆಪತ್ರಿಕೆಯಲ್ಲಿ ಒಂದು ಬಗೆಯ ಪ್ರಶ್ನೆಗೆ ಜಾಗ. ಬಹುಪದೋಕ್ತಿ ಕೊಟ್ಟು ಅದರ ಶೂನ್ಯತೆ ಕೇಳುವ ಪ್ರಶ್ನೆಗಳು ಇರಲಿ. ಅದರ ಪಕ್ಕದಲ್ಲಿ ತಿರುಗುಮುರುಗಾದ ಪ್ರಶ್ನೆಯೂ ಬರಲಿ: ಇಂಥ ಎರಡು ಹಳಿಗಳನ್ನು ಸೇರಿಸಬೇಕು, ಕೂತವರಿಗೆ ಹೊಡೆತ ಬೀಳಬಾರದು, ಯಾವ ಯಾವ ಷರತ್ತು ಹಾಕುತ್ತೀರಿ, ಅದಕ್ಕೆ ಎಷ್ಟನೇ ಘಾತ ಬೇಕು, ಏಕೆ? ಇದಕ್ಕೆ ಉತ್ತರಿಸಿದ ಹುಡುಗಿ ಮುಂದೆ ರೋಲರ್ ಕೋಸ್ಟರ್ ಕಟ್ಟದಿರಬಹುದು. ಸೇತುವೆಯನ್ನೋ ರಸ್ತೆಯ ತಿರುವನ್ನೋ ಶಸ್ತ್ರಚಿಕಿತ್ಸೆಯ ಯಂತ್ರವನ್ನೋ ರೂಪಿಸುವಾಗ, ಗೆರೆ ಎಳೆಯುವ ಮೊದಲು ಆ ಗೆರೆಯ ಮೇಲೆ ಸಾಗುವವರಿಗೆ ತಾನು ಕೊಡಬೇಕಾದ ಮಾತುಗಳನ್ನು ಬರೆದುಕೊಳ್ಳುತ್ತಾಳೆ. ಗಣಿತ ಕಲಿಸುವುದರ ಉದ್ದೇಶ ಅಷ್ಟಾದರೂ ಈಡೇರಬೇಕು.